ಹಳೆಯ ಬೈಕಿಗೆ ಯಾವ ಇಂಧನ?

(ಬಳಗದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ನದಿ, ಗಣಿ, ಅಣೆಕಟ್ಟುಗಳ ಬಗ್ಗೆ ಮಾತು ನಡೆಯುವ ಈ ವೇದಿಕೆಯಲ್ಲಿ ಹಳೆಯ ಮೋಟಾರ್‌ಸೈಕಲ್ಲಿಗೆ ಯಾವ ಪೆಟ್ರೋಲ್ ಹಾಕಬೇಕೆಂಬ ವಿಷಯ ಕೆಲವರಿಗೆ ಹಗುರವೆನಿಸಬಹುದು. ಆದರೆ ಮಲೆನಾಡಿನ ಹಳ್ಳಿಗಳಲ್ಲಿ ಈ ಪ್ರಶ್ನೆ ಹವ್ಯಾಸದ್ದಲ್ಲ. ಬಸ್ಸು ದಿನಕ್ಕೆರಡು ಸಲ ಮಾತ್ರ ಬರುವ ಊರುಗಳಲ್ಲಿ ಅಡಕೆ ಮೂಟೆ, ಹಾಲಿನ ಕ್ಯಾನು, ಮಗುವಿನ ಶಾಲೆ, ವೃದ್ಧರ ಆಸ್ಪತ್ರೆ ಎಲ್ಲವೂ ಒಂದು ಹಳೆಯ ಯೆಜ್ದಿಯನ್ನೋ ಬುಲೆಟ್ಟನ್ನೋ ನಂಬಿಕೊಂಡಿರುವ ಮನೆಗಳಿವೆ. ಆ ಗಾಡಿ ಘಟ್ಟದ ನಡುವೆ ನಿಂತರೆ ಮನೆಯ ಲೆಕ್ಕಾಚಾರವೇ ನಿಲ್ಲುತ್ತದೆ. ಇನ್ನೊಂದೆಡೆ, ಆ ಗಾಡಿಯ ಟ್ಯಾಂಕಿಗೆ ಬೀಳುವ ಐದು ಲೀಟರಿನಲ್ಲಿ ಒಂದು ಲೀಟರು ಈಗ ಹೊಲದಿಂದ ಬರುತ್ತಿದೆ. ಹೀಗಾಗಿ ಗ್ಯಾರೇಜಿನ ಪ್ರಶ್ನೆ ಮಣ್ಣು ಮತ್ತು ನೀರಿನ ಪ್ರಶ್ನೆಯೂ ಆಗಿದೆ. ಎರಡನ್ನೂ ಒಟ್ಟಿಗೆ ನೋಡುವುದು ಇಂದಿನ ಉದ್ದೇಶ.

ಮೈಸೂರಿನ ಗಾಡಿ, ಆ ಕಾಲದ ಇಂಧನ

ಕನ್ನಡಿಗರಿಗೆ ಹಳೆಯ ಬೈಕೆಂದರೆ ಮೊದಲು ನೆನಪಾಗುವುದು ಜಾವಾ. ಚೆಕೊಸ್ಲೊವಾಕಿಯಾದ ತಂತ್ರಜ್ಞಾನದೊಂದಿಗೆ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಯಾದವಗಿರಿಯ ಆ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರು ಉದ್ಘಾಟಿಸಿದ್ದರು. 1973ರಿಂದ ಗಾಡಿಗಳು ಯೆಜ್ದಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಬಾಗಿಲು ಹಾಕಿ ಮೂರು ದಶಕಗಳಾಗುತ್ತ ಬಂದರೂ ಅಲ್ಲಿ ತಯಾರಾದ ಎಂಜಿನ್ನುಗಳು ಇಂದಿಗೂ ಓಡುತ್ತಿವೆ. ಇತ್ತ 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ ಗಾಡಿಗಳ ಹಳೆಯ ಪೀಳಿಗೆಯೂ ಉಳಿದುಕೊಂಡಿದೆ.

ಇವೆರಡರ ಎಂಜಿನ್ನುಗಳ ಸ್ವಭಾವ ಬೇರೆಬೇರೆ. ಬುಲೆಟ್ಟಿನದು ನಾಲ್ಕು ಸ್ಟ್ರೋಕಿನ ಎಂಜಿನ್. ಅದಕ್ಕೆ ವಾಲ್ವುಗಳಿವೆ, ಎಂಜಿನ್ ಎಣ್ಣೆ ಪ್ರತ್ಯೇಕವಾಗಿ ಸುತ್ತುತ್ತದೆ. ಜಾವಾ, ಯೆಜ್ದಿಗಳದು ಎರಡು ಸ್ಟ್ರೋಕಿನ ಎಂಜಿನ್. ಅದಕ್ಕೆ ವಾಲ್ವುಗಳಿಲ್ಲ, ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿ ಬೆರೆತೇ ಬರಬೇಕು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತುಗಳು ಸುಲಭವಾಗುತ್ತವೆ.

ಸೀಸದ ಪಾಠ

ಈ ಗಾಡಿಗಳು ಹುಟ್ಟಿದ ಕಾಲದ ಪೆಟ್ರೋಲಿನಲ್ಲಿ ಸೀಸವಿತ್ತು. ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆಂದು ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಕಂಡುಕೊಂಡರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ರಸ್ತೆಗಳ ಮೇಲೆ ಸೀಸದ ಹೊಗೆ ಸುರಿಯಿತು. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾರಕವೆಂಬುದು ಖಚಿತವಾದ ಮೇಲೆ ಒಂದೊಂದೇ ದೇಶ ಅದನ್ನು ಕೈಬಿಟ್ಟಿತು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗತೊಡಗಿತು. ಕೊನೆಯ ದೇಶವಾದ ಅಲ್ಜೀರಿಯ 2021ರಲ್ಲಿ ಅದನ್ನು ನಿಲ್ಲಿಸಿತು.

ಸೀಸ ಹೋದಾಗ ಹಳೆಯ ಗಾಡಿಗಳೆಲ್ಲ ಹಾಳಾಗುತ್ತವೆಂಬ ಭಯ ಹರಡಿತ್ತು. ಸೀಸದ ಪುಡಿ ವಾಲ್ವಿನ ಸೀಟಿನ ಮೇಲೆ ತೆಳುವಾದ ಪದರವಾಗಿ ಕುಳಿತು ಸವೆತವನ್ನು ತಡೆಯುತ್ತಿದ್ದುದು ನಿಜ. ಆದರೆ ಆ ಸವೆತ ತೀವ್ರವಾಗುವುದು ಬಹಳ ಹೊತ್ತು ಗರಿಷ್ಠ ವೇಗದಲ್ಲಿ ಓಡಿಸಿದಾಗ. ನಮ್ರ ವೇಗದಲ್ಲಿ ಸಾಗುವ ಬುಲೆಟ್ಟಿಗೆ ಅದು ದೊಡ್ಡ ಅಪಾಯವಾಗಲಿಲ್ಲ. ಸವೆದಾಗ ಗಟ್ಟಿ ಲೋಹದ ಸೀಟು ಕೂರಿಸಿದರೆ ಸಾಕಾಯಿತು. ವಾಲ್ವೇ ಇಲ್ಲದ ಜಾವಾಕ್ಕಂತೂ ಆ ತೊಂದರೆಯ ಪ್ರಶ್ನೆಯೇ ಬರಲಿಲ್ಲ. ಇಂಧನ ಬದಲಾದಾಗ ಎಂಜಿನ್ನಿನ ಯಾವ ಭಾಗಕ್ಕೆ ಏನಾಗುತ್ತದೆಂದು ಬಿಡಿಬಿಡಿಯಾಗಿ ನೋಡಿದರೆ ಭಯ ಕರಗಿ ಉಪಾಯ ಕಾಣುತ್ತದೆ ಎಂಬುದೇ ಸೀಸದ ಕಥೆಯ ಪಾಠ.

ದುಬಾರಿ ಪೆಟ್ರೋಲ್ ಒಳ್ಳೆಯ ಪೆಟ್ರೋಲೇ?

ಹಳೆಯ ಗಾಡಿಯ ಮೇಲೆ ಪ್ರೀತಿಯುಳ್ಳವರು ಅನೇಕರು ಹೆಚ್ಚು ಹಣ ತೆತ್ತು ಪ್ರೀಮಿಯಂ ಪೆಟ್ರೋಲ್ ಹಾಕಿಸುತ್ತಾರೆ. ಇದು ಬಹುಪಾಲು ವ್ಯರ್ಥ ಖರ್ಚು. ಆಕ್ಟೇನ್ ಸಂಖ್ಯೆ ಇಂಧನದ ಶಕ್ತಿಯನ್ನು ಅಳೆಯುವುದಿಲ್ಲ. ಒತ್ತಡಕ್ಕೆ ಸಿಕ್ಕಾಗ ಕಿಡಿ ಹಾರುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣವನ್ನಷ್ಟೇ ಅದು ಹೇಳುತ್ತದೆ. ಹೆಚ್ಚು ಒತ್ತುವ ಎಂಜಿನ್ನಿಗೆ ಹೆಚ್ಚು ಆಕ್ಟೇನ್ ಬೇಕು. ಹಳೆಯ ಬುಲೆಟ್ ಮತ್ತು ಜಾವಾಗಳ ಒತ್ತಡದ ಅನುಪಾತ ಏಳರ ಆಸುಪಾಸಿನದು. ಇಂದಿನ ಬೈಕುಗಳಲ್ಲಿ ಅದು ಒಂಬತ್ತು, ಹತ್ತು, ಅದಕ್ಕೂ ಮಿಗಿಲು. ಕನಿಷ್ಠ 91 ಆಕ್ಟೇನಿನ ಸಾದಾ ಪೆಟ್ರೋಲೇ ಈ ಹಳೆಯ ಎಂಜಿನ್ನುಗಳಿಗೆ ಬೇಕಾದುದಕ್ಕಿಂತ ಹೆಚ್ಚಿತ್ತು. ಈಗಿನ ಇ20 ಪೆಟ್ರೋಲಿಗೆ ನಿಗದಿಯಾದ ಕನಿಷ್ಠ ಮಟ್ಟ 95. ಏಕೆಂದರೆ ಎಥನಾಲಿನ ಆಕ್ಟೇನ್ ಸಂಖ್ಯೆಯೇ ನೂರನ್ನು ದಾಟಿದೆ. ಆದ್ದರಿಂದ ಆಕ್ಟೇನ್ ಹೆಚ್ಚಿದೆಯೆಂದ ಮಾತ್ರಕ್ಕೆ ಎಥನಾಲ್ ಇಲ್ಲವೆಂದು ಭಾವಿಸಬಾರದು. ಎರಡೂ ಬೇರೆ ಬೇರೆ ಸಂಗತಿಗಳು.

ಇನ್ನು ಕಲಬೆರಕೆ. ಪೆಟ್ರೋಲಿಗೆ ಸೀಮೆಎಣ್ಣೆ ಸೇರಿಸಿದರೆ ಆಕ್ಟೇನ್ ಕುಸಿಯುತ್ತದೆ, ಎಂಜಿನ್ ಬಡಿಯುತ್ತದೆ, ಮಸಿ ಕಟ್ಟುತ್ತದೆ. ಅಂಥ ಕಲಬೆರಕೆಯನ್ನು ತಡೆಯಲು ಹೊರಟ ಇಂಡಿಯನ್ ಆಯಿಲ್ ಅಧಿಕಾರಿ, ಕೋಲಾರದ ಚಿನ್ನದ ಗಣಿ ಪ್ರದೇಶದವರಾದ ಮಂಜುನಾಥ್ ಷಣ್ಮುಗಂ ಅವರನ್ನು 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದಲ್ಲಿ ಕೊಲ್ಲಲಾಯಿತು. ಶುದ್ಧ ಇಂಧನವೆಂಬ ಮಾತಿನ ಹಿಂದೆ ಅಂಥ ಬೆಲೆಯೂ ಇದೆಯೆಂಬುದನ್ನು ಮರೆಯಬಾರದು.

ಎಥನಾಲ್ ಮಾಡುವ ಮೂರು ಕೆಲಸ

ಪೆಟ್ರೋಲಿಗೆ ಮದ್ಯಸಾರ ಬೆರೆಸುವುದು ಹೊಸ ವಿಚಾರವೇನಲ್ಲ. 1948ರಲ್ಲೇ ಭಾರತದಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಈಗಿನ ಯೋಜನೆ 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ 5ರ ಮಿಶ್ರಣದೊಂದಿಗೆ ಆರಂಭವಾಯಿತು. 2022ರ ಜೂನ್ ವೇಳೆಗೆ ಮಿಶ್ರಣ ಶೇ 10ಕ್ಕೆ ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಬಿಡುಗಡೆಯಾಯಿತು. 2030ಕ್ಕೆ ಎಂದಿದ್ದ ಶೇ 20ರ ಗುರಿಯನ್ನು ಮುಂದಕ್ಕೆಳೆದು 2025ರಲ್ಲೇ ಮುಟ್ಟಲಾಯಿತು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಯಾಗಿ ಉಳಿಸಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆದ್ದರಿಂದ ಮಲೆನಾಡಿನ ಸವಾರನ ಮುಂದಿರುವ ನಿಜವಾದ ಪ್ರಶ್ನೆ, ಬಂಕಿನಲ್ಲಿ ಸಿಗುವ ಇಂಧನಕ್ಕೆ ಗಾಡಿಯನ್ನು ಹೇಗೆ ಒಗ್ಗಿಸುವುದು ಎಂಬುದು.

ಎಥನಾಲ್ ಮೂರು ರೀತಿಯಲ್ಲಿ ಹಳೆಯ ಗಾಡಿಯನ್ನು ತಟ್ಟುತ್ತದೆ.

ಮೊದಲನೆಯದು ಉರಿಯುವಿಕೆ. ಎಥನಾಲಿನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಮ್ಲಜನಕವೇ ಇದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಸುಮಾರು 13.5. ಹೊಸ ಬೈಕಿನಲ್ಲಿ ಸೆನ್ಸರುಗಳು ಇದನ್ನು ಅರಿತು ಇಂಧನವನ್ನು ಹೆಚ್ಚಿಸುತ್ತವೆ. ಹಳೆಯ ಕಾರ್ಬ್ಯುರೇಟರಿಗೆ ಆ ಅರಿವಿಲ್ಲ. ಅದರ ಜೆಟ್ಟಿನ ರಂಧ್ರ ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಪರಿಣಾಮವಾಗಿ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಗಾಳಿ ಹೆಚ್ಚಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಆದ್ದರಿಂದ ಇ20ರ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7ರಷ್ಟು ಕಡಿಮೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿ ಶೇ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ಅಂಥ ಹೊಂದಾಣಿಕೆಯೂ ಇಲ್ಲದ ಹಳೆಯ ಗಾಡಿ ಇದಕ್ಕಿಂತ ಹೆಚ್ಚು ಕಳೆದುಕೊಂಡರೆ ಆಶ್ಚರ್ಯವಿಲ್ಲ.

ಎರಡನೆಯದು ಕರಗಿಸುವ ಗುಣ. ಹಳೆಯ ರಬ್ಬರ್ ಪೈಪು, ಟ್ಯಾಂಕಿನ ಕಾಕ್‌ನಲ್ಲಿರುವ ಬಿರಟೆಯ ವಾಷರು, ಗ್ಯಾಸ್ಕೆಟ್ಟು ಇವೆಲ್ಲ ಎಥನಾಲಿಗೆ ಊದಿಕೊಳ್ಳುತ್ತವೆ ಅಥವಾ ಗಡುಸಾಗಿ ಬಿರಿಯುತ್ತವೆ. ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದ ಕಾರ್ಬ್ಯುರೇಟರಿನೊಳಗೆ ತೇವ ಸೇರಿದಾಗ ಬಿಳಿಯ ಪುಡಿ ಕಟ್ಟುತ್ತದೆ. ಟ್ಯಾಂಕಿನ ತಳದಲ್ಲಿ ದಶಕಗಳಿಂದ ಅಂಟಿಕೊಂಡಿದ್ದ ಕೊಳೆಯನ್ನು ಎಥನಾಲ್ ಸಡಿಲಿಸಿ ಜೆಟ್ಟಿಗೆ ತಂದು ತುರುಕುತ್ತದೆ. ಹೊಸ ಇಂಧನ ಹಾಕಿಸಿದ ಕೆಲ ದಿನಗಳಲ್ಲೇ ಗಾಡಿ ಕೆಮ್ಮತೊಡಗಿದರೆ ಅನೇಕ ವೇಳೆ ಕಾರಣ ಇದೇ.

ಮೂರನೆಯದು ನೀರು. ಎಥನಾಲ್ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಗಾಳಿಯ ತೇವದಿಂದ ಸೇರುವ ನೀರು ನಿಧಾನದ್ದು. ಸವೆದ ಮುಚ್ಚಳದ ಮೂಲಕ ಜಡಿಮಳೆಯಲ್ಲಿ ಇಳಿಯುವ ನೀರು ಹೆಚ್ಚು ಅಪಾಯದ್ದು. ಸ್ವಲ್ಪ ನೀರನ್ನು ಎಥನಾಲ್ ತಾಳಿಕೊಳ್ಳುತ್ತದೆ. ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಚಳಿ ಹೆಚ್ಚಿದಷ್ಟೂ ಈ ಮಿತಿ ಕಡಿಮೆ. ಇ20 ಮಿಶ್ರಣ ಇ10ಕ್ಕಿಂತ ಹೆಚ್ಚು ನೀರನ್ನು ತಾಳುತ್ತದೆಯೆಂಬುದು ನಿಜವಾದರೂ, ಒಮ್ಮೆ ಒಡೆಯಿತೆಂದರೆ ತಳಕ್ಕಿಳಿಯುವ ಪಾಲೂ ದೊಡ್ಡದು. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ.

ಎರಡು ಸ್ಟ್ರೋಕಿನವರು ಗಮನಿಸಬೇಕಾದುದು

ಈ ಒಡೆಯುವಿಕೆ ಬುಲೆಟ್ಟಿಗೆ ತೊಂದರೆ; ಜಾವಾ, ಯೆಜ್ದಿಗಳಿಗೆ ಗಂಡಾಂತರ. ಟ್ಯಾಂಕಿನಲ್ಲಿ ಬೆರೆಸಿದ 2ಟಿ ಎಣ್ಣೆ ಮೇಲಿನ ಪೆಟ್ರೋಲ್ ಪದರದಲ್ಲಿಯೇ ಉಳಿಯುತ್ತದೆ. ತಳದಲ್ಲಿರುವ ಕಾಕ್‌ನ ಮೂಲಕ ಎಂಜಿನ್ನಿಗೆ ಮೊದಲು ಹೋಗುವುದು ಎಣ್ಣೆಯಿಲ್ಲದ ನೀರು ಬೆರೆತ ಮದ್ಯಸಾರ. ಅದರಲ್ಲಿ ಗಾಡಿ ಓಡುವುದೇ ಕಷ್ಟ; ಎಳೆದಾಡಿ ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಇಳಿಜಾರಿನ ತಿರುವಿನಲ್ಲಿ ಹಿಂದಿನ ಚಕ್ರ ಒಮ್ಮೆಲೇ ಬಿಗಿದುಕೊಂಡರೆ ಸವಾರನ ಪ್ರಾಣಕ್ಕೇ ಅಪಾಯ.

ಇದಕ್ಕೆ ಹೆದರಿ ಎಣ್ಣೆಯನ್ನು ದುಪ್ಪಟ್ಟು ಸುರಿಯುವುದು ಪರಿಹಾರವಲ್ಲ. ಇಪ್ಪತ್ತೈದಕ್ಕೆ ಒಂದು ಎಂಬ ಪ್ರಮಾಣವೆಂದರೆ ಲೀಟರಿಗೆ 40 ಮಿ.ಲೀ. ಎಣ್ಣೆ. ಇದಕ್ಕಿಂತ ಹೆಚ್ಚು ಹಾಕಿದಷ್ಟೂ ಜೆಟ್ಟಿನ ಮೂಲಕ ಹೋಗುವ ಪೆಟ್ರೋಲಿನ ಪಾಲು ತಗ್ಗುತ್ತದೆ. ಮೊದಲೇ ಬಡವಾಗಿರುವ ಮಿಶ್ರಣ ಇನ್ನಷ್ಟು ಬಡವಾಗುತ್ತದೆ. ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ, ಊರೆಲ್ಲ ನೀಲಿ ಹೊಗೆ ತುಂಬುತ್ತದೆ. ತಯಾರಕರ ಕೈಪಿಡಿ ಹೇಳಿದ ಪ್ರಮಾಣದಲ್ಲಿ, ಕಡಿಮೆ ಹೊಗೆಯ ಜಾಸೊ ಎಫ್‌ಸಿ ದರ್ಜೆಯ ಎಣ್ಣೆಯನ್ನು ಅಳತೆಗಿಂಡಿಯಲ್ಲಿ ಅಳೆದು, ಬೇರೆ ಕ್ಯಾನಿನಲ್ಲಿ ಪೆಟ್ರೋಲಿನೊಂದಿಗೆ ಕುಲುಕಿ ಆಮೇಲೆ ಟ್ಯಾಂಕಿಗೆ ಹಾಕುವುದು ಸರಿಯಾದ ಕ್ರಮ.

ಮಾಡಬೇಕಾದ ಕೆಲಸಗಳು

1. ಪೆಟ್ರೋಲಿನ ಪೈಪು, ಕಾಕ್‌ನ ವಾಷರು, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟು, ಫ್ಲೋಟಿನ ಸೂಜಿಗಳನ್ನು ಎಥನಾಲ್ ತಾಳುವ ವೈಟಾನ್‌ನಂಥ ವಸ್ತುವಿನ ಬಿಡಿಭಾಗಗಳಿಗೆ ಬದಲಿಸಬೇಕು. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಒಪ್ಪಿಕೊಂಡಿದೆ. ಇದು ದೊಡ್ಡ ಖರ್ಚಿನ ಕೆಲಸವಲ್ಲ.

2. ಟ್ಯಾಂಕನ್ನು ಕಳಚಿ ತುಕ್ಕು, ಕೊಳೆ ತೆಗೆಸಬೇಕು. ಮುಚ್ಚಳದ ವಾಷರನ್ನು ಮಳೆಗಾಲಕ್ಕೆ ಮುನ್ನ ಬದಲಿಸಬೇಕು. ಟ್ಯಾಂಕಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ಫಿಲ್ಟರ್ ಇರಲಿ.

3. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿ ಕಂದುಬಣ್ಣದ್ದಾಗಿದ್ದರೆ ಮಿಶ್ರಣ ಸರಿಯಿದೆ, ಬೆಳ್ಳಗಾಗಿದ್ದರೆ ಇಂಧನ ಕಡಿಮೆಯಾಗಿದೆ, ಕಪ್ಪಗಾಗಿದ್ದರೆ ಹೆಚ್ಚಾಗಿದೆ. ಬೆಳ್ಳಗಿದ್ದಲ್ಲಿ ಮೇನ್ ಜೆಟ್ಟನ್ನು ಒಂದೆರಡು ಸಂಖ್ಯೆ ದೊಡ್ಡದು ಮಾಡಿಸಿ, ಸೂಜಿಯನ್ನು ಒಂದು ಮೆಟ್ಟಿಲು ಮೇಲೇರಿಸಿದರೆ ಸಾಮಾನ್ಯವಾಗಿ ಸಾಕು. ಇದರಿಂದ ಮೈಲೇಜು ಹೆಚ್ಚುವುದಿಲ್ಲ, ಎಂಜಿನ್ ಉಳಿಯುತ್ತದೆ.

4. ಹೆಚ್ಚು ವ್ಯಾಪಾರವಿರುವ ಬಂಕಿನಲ್ಲಿ, ಒಂದೆರಡು ವಾರಕ್ಕೆ ಬೇಕಾದಷ್ಟೇ ಇಂಧನ ಹಾಕಿಸಬೇಕು. ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಬರಿದು ಮಾಡಿ ಒಳಗೆ ತೆಳುವಾಗಿ ಎಣ್ಣೆ ಸವರಬೇಕು. ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನೂ ಬರಿದಾಗಿಸಬೇಕು.

5. ಎಥನಾಲ್ ಎಷ್ಟಿದೆಯೆಂದು ತಿಳಿಯಲು 100 ಮಿ.ಲೀ. ಗಾಜಿನ ಅಳತೆ ಜಾಡಿ ಸಾಕು. 80 ಮಿ.ಲೀ. ಪೆಟ್ರೋಲಿಗೆ 20 ಮಿ.ಲೀ. ನೀರು ಹಾಕಿ ಕುಲುಕಿ ಬಿಟ್ಟರೆ ಎಥನಾಲ್ ನೀರಿನೊಡನೆ ಕೆಳಗಿಳಿಯುತ್ತದೆ. ಕೆಳಗಿನ ಪದರ 20ರಿಂದ ಸುಮಾರು 36ಕ್ಕೆ ಏರಿದರೆ ಅದು ಶೇ 20ರ ಮಿಶ್ರಣ. ಬೆಂಕಿಯಿಂದ ದೂರ, ಬಯಲಿನಲ್ಲಿ ಇದನ್ನು ಮಾಡಬೇಕು.

ಈ ಪರೀಕ್ಷೆಯನ್ನೇ ದೊಡ್ಡದು ಮಾಡಿ, ಕ್ಯಾನುಗಟ್ಟಲೆ ಪೆಟ್ರೋಲಿಗೆ ನೀರು ಸುರಿದು ಎಥನಾಲ್ ತೊಳೆಯುವ ವಿಧಾನವನ್ನು ಕೆಲವರು ಅನುಸರಿಸುತ್ತಾರೆ. ಅದು ಖಂಡಿತ ಕೂಡದು. ಉಳಿಯುವ ಪೆಟ್ರೋಲಿನಲ್ಲಿ ತೇವವಿರುತ್ತದೆ, ಆಕ್ಟೇನ್ ಇಳಿದಿರುತ್ತದೆ, ಬೆಂಕಿಯ ಅಪಾಯ ಸದಾ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೇರ್ಪಟ್ಟ ನೀರಿನಲ್ಲಿ ಎಥನಾಲಿನೊಡನೆ ಕ್ಯಾನ್ಸರ್‌ಕಾರಕವಾದ ಬೆಂಜೀನ್ ಕೂಡ ಕರಗಿರುತ್ತದೆ. ಆ ನೀರನ್ನು ಚರಂಡಿಗೆ ಚೆಲ್ಲಿದರೆ ಅದು ಸೇರುವುದು ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಮನೆಯ ಬಾವಿಗೆ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಅಭ್ಯಾಸವೂ, ಪೆಟ್ರೋಲಿನಲ್ಲಿ ಕೈ ತೊಳೆಯುವ ಅಭ್ಯಾಸವೂ ಇದೇ ಕಾರಣಕ್ಕೆ ನಿಲ್ಲಬೇಕು.

ಇಂಧನ ಬರುವ ಹೊಲ

ಇಲ್ಲಿಗೆ ಗ್ಯಾರೇಜಿನ ಮಾತು ಮುಗಿಯಿತು. ಹೊಲದ ಮಾತು ಉಳಿದಿದೆ. ಹತ್ತು ಲೀಟರ್ ಇ20ರಲ್ಲಿ ಎರಡು ಲೀಟರ್ ಎಥನಾಲ್. ಕಬ್ಬಿನಿಂದ ತೆಗೆದ ಒಂದು ಲೀಟರ್ ಎಥನಾಲಿನ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎಂಬುದು ನೀತಿ ಆಯೋಗದ ಅದೇ ವರದಿಯ ಲೆಕ್ಕ. ಅಂದರೆ ಆ ಹತ್ತು ಲೀಟರಿನ ಬೆನ್ನಿಗೆ 5,720 ಲೀಟರ್ ನೀರು. ಸಕ್ಕರೆ ತೆಗೆದು ಉಳಿದ ಕೊನೆಯ ಕಾಕಂಬಿಯಿಂದ ಎಥನಾಲ್ ಮಾಡಿದರೆ ಈ ಲೆಕ್ಕ ಬಹುಮಟ್ಟಿಗೆ ಸಕ್ಕರೆಯ ಖಾತೆಗೆ ಹೋಗುತ್ತದೆ. ಅದು ತ್ಯಾಜ್ಯದ ಸದ್ಬಳಕೆ. ಆದರೆ ಕಾಕಂಬಿಯೊಂದರಿಂದಲೇ ಶೇ 20ರ ಗುರಿ ಮುಟ್ಟುವುದಿಲ್ಲ. ಆದ್ದರಿಂದ ಕಬ್ಬಿನ ಹಾಲು, ಅಕ್ಕಿ, ಮೆಕ್ಕೆಜೋಳ ಒಂದೊಂದಾಗಿ ಭಟ್ಟಿಗೆ ಬಂದವು. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸಕ್ಕರೆಯ ಕೊರತೆಗೆ ಅಂಜಿ ಕೇಂದ್ರ ಸರಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಆ ಜಾಗವನ್ನು ಮೆಕ್ಕೆಜೋಳ ತುಂಬಿತು.

ಒಂದು ಟನ್ ಮೆಕ್ಕೆಜೋಳದಿಂದ ಸಿಗುವ ಎಥನಾಲ್ ಸುಮಾರು 380 ಲೀಟರ್. ಹಾಗಾದರೆ ಹತ್ತು ಲೀಟರ್ ಇ20ಗೆ ಐದು ಕಿಲೋಗಿಂತ ಹೆಚ್ಚು ಜೋಳ ಬೇಕು. ದಾವಣಗೆರೆ, ಹಾವೇರಿಗಳ ಬಯಲಿನಲ್ಲಿ ಬೆಳೆಯುವ ಈ ಬೆಳೆ ಶಿಕಾರಿಪುರದಂಥ ಅರೆಮಲೆನಾಡಿನಲ್ಲೂ ಬೇರೂರಿದೆ. ಬೆಲೆ ಸಿಕ್ಕರೆ ರೈತ ಬೆಳೆಯುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ, ಒಳ್ಳೆಯ ಬೆಲೆ ಅವನ ಹಕ್ಕು. ಆದರೆ ಸಾಲುಗಳ ನಡುವೆ ನೆಲ ಬತ್ತಲೆಯಾಗಿರುವ ಮೆಕ್ಕೆಜೋಳವನ್ನು ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಬಿತ್ತಿದರೆ ಮುಂಗಾರಿನ ಮೊದಲ ಜೋರು ಮಳೆಗೇ ಮೇಲ್ಮಣ್ಣು ಹಳ್ಳದ ಪಾಲಾಗುತ್ತದೆ. ಅಡ್ಡಸಾಲಿನ ಬಿತ್ತನೆ, ನಡುವೆ ಅಲಸಂದೆಯಂಥ ಹೊದಿಕೆ ಬೆಳೆ, ಬದುವಿನಲ್ಲಿ ಹುಲ್ಲು ಇಲ್ಲದೆ ಗುಡ್ಡದ ಸೆರಗಿನಲ್ಲಿ ಈ ಬೆಳೆ ವಿಸ್ತರಿಸುವುದು ಕ್ಷೇಮವಲ್ಲ. ಹೊರದೇಶದ ತೈಲಕ್ಕೆ ಹೋಗುವ ಹಣ ಉಳಿಯಿತೆಂಬ ಲೆಕ್ಕದ ಪಕ್ಕದಲ್ಲಿ ಕೊಚ್ಚಿಹೋದ ಮಣ್ಣಿನ ಲೆಕ್ಕವನ್ನೂ ಬರೆಯಬೇಕು.

ಹಳೆಯ ಗಾಡಿಯ ಋಣ

ಹಾಗೆಂದು ಹಳೆಯ ಬೈಕು ನಿರಪರಾಧಿಯಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಳಬಂದ ಇಂಧನದ ಗಣನೀಯ ಪಾಲು ಉರಿಯದೆಯೇ ಹೊಗೆಯ ದಾರಿಯಲ್ಲಿ ಹೊರಹೋಗುತ್ತದೆ. ನೀಲಿ ಹೊಗೆ ಗತವೈಭವದ ಗುರುತಲ್ಲ, ಹಿಂದೆ ಬರುವವನ ಶ್ವಾಸಕೋಶಕ್ಕೆ ಬೀಳುವ ಪೆಟ್ಟು. ಆದರೆ ನಲವತ್ತು ವರ್ಷ ಬಾಳಿದ ಗಾಡಿಯನ್ನು ಗುಜರಿಗೆ ಹಾಕಿ ಹೊಸದನ್ನು ತಂದರೆ ಹೊಸ ಗಾಡಿಯ ಉಕ್ಕು, ಅಲ್ಯೂಮಿನಿಯಂಗಳಿಗೂ ಎಲ್ಲೋ ಒಂದು ಗುಡ್ಡ ಕರಗಿರುತ್ತದೆ. ದಿನವೂ ದೂರ ಓಡುವ ಗಾಡಿಗೆ ಹೊಸದು ಲೇಸು. ಅಪರೂಪಕ್ಕೆ, ಹತ್ತಿರದ ಕೆಲಸಕ್ಕೆ ಓಡುವ ಗಾಡಿಯನ್ನು ಸುಸ್ಥಿತಿಯಲ್ಲಿಟ್ಟು ಉಳಿಸಿಕೊಳ್ಳುವುದು ಲೇಸು. ಐವತ್ತು ವರ್ಷ ಮೀರಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರದ ನಿಯಮಗಳೂ ಅಂಥ ಗಾಡಿಗಳು ನಿತ್ಯದ ಓಡಾಟಕ್ಕಲ್ಲವೆಂದೇ ಹೇಳುತ್ತವೆ.

ಹಾಗಾದರೆ ಯಾವ ಇಂಧನ ಸರಿ? ಎಥನಾಲ್ ಕಡಿಮೆಯಿರುವ, ಸಾದಾ ಆಕ್ಟೇನಿನ, ತಾಜಾ ಪೆಟ್ರೋಲ್ ಎಂಬುದು ಶಾಸ್ತ್ರದ ಉತ್ತರ. ಅದು ಸಿಗದ ಊರಿನಲ್ಲಿ, ಬಿಡಿಭಾಗ ಬದಲಿಸಿ, ಜೆಟ್ ಹೊಂದಿಸಿ, ನೀರು ಸೇರದಂತೆ ಕಾಯ್ದುಕೊಂಡ ಇ20 ಎಂಬುದು ವ್ಯವಹಾರದ ಉತ್ತರ. ಇದರ ಜೊತೆಗೆ ಸಾರ್ವಜನಿಕವಾಗಿ ಕೇಳಬೇಕಾದ ಮೂರು ಬೇಡಿಕೆಗಳಿವೆ. ಪ್ರತಿ ಬಂಕಿನ ಪಂಪಿನ ಮೇಲೆ ಎಥನಾಲ್ ಪ್ರಮಾಣವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ತಾಲ್ಲೂಕಿಗೊಂದು ಬಂಕಿನಲ್ಲಾದರೂ ಕಡಿಮೆ ಮಿಶ್ರಣದ ಪೆಟ್ರೋಲ್ ದೊರೆಯಬೇಕು. ಮಿಶ್ರಣವನ್ನು ಶೇ 20ರಿಂದಾಚೆಗೆ ಏರಿಸುವ ಮುನ್ನ ಯಾವ ನದಿಯ ನೀರು, ಯಾವ ಗುಡ್ಡದ ಮಣ್ಣು ಅದಕ್ಕೆ ಸಲ್ಲುತ್ತದೆಂಬುದನ್ನು ಜನರ ಮುಂದಿಡಬೇಕು. ಬಂಕಿನಲ್ಲಿ ಹಣ ಕೊಡುವವನಿಗೂ, ಹೊಲದಲ್ಲಿ ಬೆವರು ಸುರಿಸುವವನಿಗೂ ಅದನ್ನು ತಿಳಿಯುವ ಹಕ್ಕಿದೆ.